ಬಂದಳಿಕೆ ತಿಂದು ಬೆಳೆದ ಬಣ್ಣ

ಕಾಮನ್ ಜೆಜೆಬೆಲ್ ಎಂಬ ಚಿಟ್ಟೆ ತನ್ನ ಬಣ್ಣವನ್ನೆಲ್ಲ ರೆಕ್ಕೆಯ ಅಡಿಬದಿಯಲ್ಲಿ ಇಟ್ಟುಕೊಂಡಿದೆ. ಮೇಲ್ಬದಿ ಬರೀ ಬಿಳಿ. ಅದರ ಮೇಲೆ ಕಪ್ಪು ನರಗಳು, ಅಷ್ಟೆ. ಹೂವಿನ ಮೇಲೆ ಕೂತು ರೆಕ್ಕೆ ಮಡಚಿದಾಗ ನೋಡಬೇಕು. ಹಿಂದಿನ ರೆಕ್ಕೆ ತುಂಬ ಗಾಢ ಹಳದಿ. ಆ ಹಳದಿಯನ್ನು ಮನೆ ಮನೆಯಾಗಿ ಭಾಗ ಮಾಡಿದ ಕಪ್ಪು ಗೆರೆಗಳು. ಅಂಚಿನುದ್ದಕ್ಕೂ ಕೇಸರಿ ಬೆರೆತ ಕೆಂಪು ಚುಕ್ಕೆಗಳ ಸಾಲು, ಒಂದೊಂದು ಚುಕ್ಕೆಯೂ ಒಳಗಡೆಗೆ ಚೂಪು. ಬಿಸಿಲು ಆಚೆ ಬದಿಯಿಂದ ಬಿದ್ದರೆ ಆ ಕೆಂಪು ಇನ್ನೂ ಹೊಳೆಯುತ್ತದೆ.

ನಮ್ಮ ಕಾಡಿನ ಎಷ್ಟೋ ಚಿಟ್ಟೆಗಳದ್ದು ಇದಕ್ಕೆ ಉಲ್ಟಾ ಕ್ರಮ. ಬ್ಲೂ ಓಕ್‌ಲೀಫ್ ಚಿಟ್ಟೆಯನ್ನೇ ತೆಗೆದುಕೊಳ್ಳಿ. ಬಿಚ್ಚಿದರೆ ಮಿರುಗುವ ನೀಲಿ, ಮಡಚಿದರೆ ಥೇಟ್ ತರಗೆಲೆ. ಕೂತಾಗ ಯಾರ ಕಣ್ಣಿಗೂ ಬೀಳಬಾರದು ಎನ್ನುವುದು ಅದರ ಲೆಕ್ಕ. ಜೆಜೆಬೆಲ್‌ಗೆ ಕೂತಾಗಲೇ ಎಲ್ಲರಿಗೂ ಕಾಣಬೇಕು. ಅದು ಹಾರುವುದೂ ಮರದ ನೆತ್ತಿಯ ಎತ್ತರದಲ್ಲಿ, ನಿಧಾನಕ್ಕೆ, ಯಾರ ಹೆದರಿಕೆಯೂ ಇಲ್ಲದಂತೆ. ಕೆಳಗಿನಿಂದ ನೋಡುವ ಹಕ್ಕಿಗಾಗಲಿ ನಮಗಾಗಲಿ ಕಾಣುವುದು ಅಡಿಬದಿಯೇ ತಾನೇ. ಬಣ್ಣ ಎಲ್ಲಿರಬೇಕೋ ಅಲ್ಲೇ ಇದೆ.

ಇದು ಅಪರೂಪದ ಚಿಟ್ಟೆಯಲ್ಲ. ಶಿರಸಿ ಪೇಟೆಯ ಒಳಗೂ ಇದೆ, ಕಾರವಾರದ ಕಡಲಂಚಿನ ಹಿತ್ತಲುಗಳಲ್ಲೂ ಇದೆ. ಭಾರತದ ಬಹುಭಾಗದಲ್ಲಿ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್‌ಗಳಲ್ಲೂ ಇದೆ. ರೆಕ್ಕೆಯ ಹರವು ಸುಮಾರು 6.5ರಿಂದ 8.5 ಸೆಂಟಿಮೀಟರ್. ಲಂಡನ್ನಿನಲ್ಲಿ ಬೆಳ್ಳಿ ಕೆಲಸದ ಅಂಗಡಿ ಇಟ್ಟುಕೊಂಡು, ದೇಶ ವಿದೇಶದ ಕೀಟಗಳನ್ನು ತರಿಸಿ ಕೂಡಿಡುತ್ತಿದ್ದ ಡ್ರೂ ಡ್ರೂರಿ ಎಂಬಾತ 1773ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. 2020ರಲ್ಲಿ ರಾಷ್ಟ್ರೀಯ ಚಿಟ್ಟೆಯ ಆಯ್ಕೆಗೆಂದು ಜನರಿಂದ ಆನ್‌ಲೈನ್ ಮತದಾನ ನಡೆದಾಗ ಕೊನೆಯ ಏಳು ಹೆಸರುಗಳಲ್ಲಿ ಇದೂ ಇತ್ತು. ನನ್ನ ಮತ ಇದಕ್ಕೇ ಬಿತ್ತು. ಸಾವಿರಾರು ಅಡಿ ಎತ್ತರದ ಕಾಡಿಗೆ ಹೋಗಿ ಹುಡುಕಬೇಕಾದ ಚಿಟ್ಟೆಗಿಂತ, ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಚಿಟ್ಟೆಗೆ ಆ ಮಾನ ಸಿಗಬೇಕು ಅನ್ನಿಸಿತ್ತು.

ನಮ್ಮ ಮನೆ ಇರುವುದು ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಬೆಟ್ಟ, ನಡುವೆ ಮನೆ. ಹಿತ್ತಲಲ್ಲಿ ಉಪ್ಪಿನಕಾಯಿ ಮಿಡಿಯ ಒಂದು ಅಪ್ಪೆ ಮಾವಿನ ಮರ, ಎರಡು ಕಸಿ ಮಾವು, ಒಂದು ಚಿಕ್ಕು. ಈ ಎಲ್ಲ ಮರಗಳ ಮೇಲೂ ಬಂದಳಿಕೆ ಇದೆ. ಜೆಜೆಬೆಲ್ ಕಥೆ ಶುರುವಾಗುವುದು ಅಲ್ಲಿಂದ. ಬಂದಳಿಕೆ ಇಲ್ಲದಿದ್ದರೆ ಈ ಚಿಟ್ಟೆಯೇ ಇಲ್ಲ.

ಬಂದಳಿಕೆ ನಿಮಗೆ ಗೊತ್ತಿರುತ್ತದೆ. ಕೆಲವು ಕಡೆ ಬದನಿಕೆ ಎನ್ನುತ್ತಾರೆ. ಮಾವಿನ ಮರದ ಕೊಂಬೆಯ ಮಧ್ಯೆ ಎಲ್ಲಿಂದಲೋ ಬೇರೆ ಜಾತಿಯ ಎಲೆಗಳ ಗುಂಪೊಂದು ಕಾಣುತ್ತದಲ್ಲ, ದಪ್ಪನೆಯ, ಬೂದು ಮಿಶ್ರಿತ ಹಸಿರು ಎಲೆ, ಅದೇ. ನೆಲಕ್ಕೆ ಅದರ ಬೇರು ಮುಟ್ಟುವುದೇ ಇಲ್ಲ. ಮರದ ತೊಗಟೆಯನ್ನು ಕೊರೆದು ಒಳಗಿನ ನೀರು ಹರಿಯುವ ಪದರಕ್ಕೇ ತನ್ನ ಕೊಳವೆ ಸೇರಿಸುತ್ತದೆ. ನೀರು, ಲವಣ ಅಲ್ಲಿಂದ. ಅಡುಗೆ ಮಾತ್ರ ತನ್ನ ಹಸಿರೆಲೆಯಲ್ಲೇ ಬಿಸಿಲು ಹಿಡಿದು ಮಾಡಿಕೊಳ್ಳುತ್ತದೆ. ಪೂರ್ತಿ ಕಳ್ಳನಲ್ಲ, ಅರ್ಧ ಬಾಡಿಗೆ ಕೊಡದ ಬಿಡಾರದವ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಡೆಂಡ್ರೊಫ್ತೊ ಫಾಲ್ಕೇಟಾ ಎಂಬ ಜಾತಿ ಮುನ್ನೂರಕ್ಕೂ ಜಾಸ್ತಿ ಬಗೆಯ ಮರಗಳ ಮೇಲೆ ಬದುಕಿದ್ದು ದಾಖಲಾಗಿದೆ. ಮಾವು, ಹಲಸು, ಚಿಕ್ಕು, ಸಾಗವಾನಿ, ಯಾವುದಾದರೂ ಸರಿ.

ತೋಟದವರಿಗೆ ಇದು ಶತ್ರು. ಅದರಲ್ಲಿ ತಪ್ಪೇನಿಲ್ಲ. ಬಂದಳಿಕೆ ದೊಡ್ಡದಾದಂತೆ ಅದರಿಂದಾಚೆಗಿನ ಕೊಂಬೆಯ ತುದಿ ಸೊರಗುತ್ತದೆ. ಎಲೆ ಸಣ್ಣದಾಗುತ್ತದೆ, ಕಾಯಿ ಕಮ್ಮಿಯಾಗುತ್ತದೆ, ಕೊನೆಗೆ ಒಣಗುತ್ತದೆ. ಸುಮ್ನೆ ಬಂದಳಿಕೆಯನ್ನಷ್ಟೇ ಕಿತ್ತರೆ ಒಳಗೆ ಉಳಿದ ಭಾಗದಿಂದ ಮತ್ತೆ ಚಿಗುರುತ್ತದೆ. ಅದು ಹಿಡಿದ ಜಾಗಕ್ಕಿಂತ ಕೆಳಗೆ, ಕೊಂಬೆ ಸಮೇತ ಕಡಿಯಬೇಕು. ಅಪ್ಪಯ್ಯ ಪ್ರತಿವರ್ಷ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಹತ್ತಿಸಿ ಈ ಕೆಲಸ ಮಾಡಿಸುತ್ತಾರೆ. "ಕೂಸೆ, ಇದನ್ನ ಹಿಂಗೇ ಬಿಟ್ರೆ ಮರ ಉಳಿತಿಲ್ಲೆ," ಎನ್ನುವುದು ಅವರ ಖಚಿತ ಮಾತು. ಐವತ್ತು ವರ್ಷದಿಂದ ಆ ಮರಗಳನ್ನು ನೋಡಿಕೊಂಡು ಬಂದವರ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕಡಿದು ಕೆಳಗೆ ಬಿದ್ದ ಕೊಂಬೆಗಳನ್ನು ನಾನು ಒಂದೊಂದಾಗಿ ಮಗುಚಿ ನೋಡುತ್ತೇನೆ. ಎಲೆಯಡಿಯಲ್ಲಿ ಹುಳಗಳಿರುತ್ತವೆ.

ಹುಳದ ಮಾತಿಗೆ ಬರುವ ಮೊದಲು ಹಕ್ಕಿಯ ಮಾತು ಹೇಳಬೇಕು. ಬಂದಳಿಕೆಯನ್ನು ಮರದಿಂದ ಮರಕ್ಕೆ ಹಚ್ಚುವುದು ಬದನಿಕೆ ಹಕ್ಕಿ. ಗುಬ್ಬಿಗಿಂತ ಎಷ್ಟೋ ಚಿಕ್ಕದು, ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಉದ್ದ ಬರೀ 8 ಸೆಂಟಿಮೀಟರ್ ಆಸುಪಾಸು. ಕೊಂಬೆಯ ಮರೆಯಲ್ಲಿ ಚಿಕ್ ಚಿಕ್ ಎಂದು ಬಿಡದೆ ಕೂಗುತ್ತಿರುತ್ತದೆ, ಕಣ್ಣಿಗೆ ಸಿಗುವುದು ಕಷ್ಟ. ಬಂದಳಿಕೆಯ ಹಣ್ಣನ್ನು ಅದು ಇಡಿಯಾಗಿ ನುಂಗುತ್ತದೆ. ಬೀಜದ ಸುತ್ತ ಇರುವ ಅಂಟು ಹೊಟ್ಟೆಯಲ್ಲಿ ಕರಗುವುದಿಲ್ಲ. ಕೆಲವೇ ನಿಮಿಷದಲ್ಲಿ ಬೀಜ ಹೊರಗೆ ಬರುತ್ತದೆ, ಬಂದಾಗಲೂ ಅಂಟಂಟು. ಹಕ್ಕಿ ಹಿಂಬದಿಯನ್ನು ಕೊಂಬೆಗೆ ಉಜ್ಜಿ ಅದನ್ನು ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿ, ಮಣ್ಣಿಲ್ಲದೆ ಮೊಳೆಯುತ್ತದೆ. ಹೂ ಬಿಟ್ಟಾಗ ಸೂರಕ್ಕಿಗಳೂ ಬದನಿಕೆ ಹಕ್ಕಿಗಳೂ ಮಕರಂದಕ್ಕೆ ಬಂದು ಪರಾಗ ಸಾಗಿಸುತ್ತವೆ. ದಕ್ಷಿಣ ಭಾರತದ ಬಂದಳಿಕೆಗಳಿಗೂ ಈ ಹಕ್ಕಿಗಳಿಗೂ ಇರುವ ನಂಟನ್ನು 1980ರ ದಶಕದಲ್ಲಿ ವಿಜ್ಞಾನಿ ಪ್ರಿಯಾ ದಾವೀದಾರ್ ನೀಲಗಿರಿಯಲ್ಲಿ ಕೂತು ಅಧ್ಯಯನ ಮಾಡಿದ್ದಾರೆ.

ಹೀಗೆ ಹಕ್ಕಿ ನೆಟ್ಟ ಗಿಡವನ್ನು ಹುಡುಕಿಕೊಂಡು ಹೆಣ್ಣು ಜೆಜೆಬೆಲ್ ಬರುತ್ತದೆ. ಗಂಡಿಗಿಂತ ಹೆಣ್ಣಿನ ಮೇಲ್ಬದಿಯ ಕಪ್ಪು ಗೆರೆ ದಪ್ಪ, ಹಾಗಾಗಿ ಸ್ವಲ್ಪ ಮಸುಕಾಗಿ ಕಾಣುತ್ತದೆ. ಬಂದಳಿಕೆಯ ಸುತ್ತ ಅದು ಸುತ್ತುತ್ತಲೇ ಇರುತ್ತದೆ. ಒಂದು ಎಲೆ ಮುಟ್ಟಿ ಬಿಡುತ್ತದೆ, ಇನ್ನೊಂದಕ್ಕೆ ಹೋಗುತ್ತದೆ, ಮತ್ತೆ ವಾಪಸ್ ಬರುತ್ತದೆ. ಚಿಟ್ಟೆಗಳಿಗೆ ಕಾಲಿನಲ್ಲೇ ರುಚಿ ನೋಡುವ ಶಕ್ತಿ ಇದೆ. ಮಕ್ಕಳು ತಿನ್ನಬಹುದಾದ ಎಲೆ ಹೌದೋ ಅಲ್ಲವೋ ಎಂದು ಕಾಲೂರಿ ತಿಳಿದುಕೊಂಡ ಮೇಲೇ ಎಲೆಯಡಿಗೆ ಹೊಟ್ಟೆ ಬಗ್ಗಿಸುತ್ತದೆ. ಮೊಟ್ಟೆ ಒಂದೆರಡಲ್ಲ, ಒಂದೇ ಎಲೆಗೆ ಹತ್ತಿಪ್ಪತ್ತು. ಹಳದಿ ಬಣ್ಣ, ಉದ್ದುದ್ದಕ್ಕೆ ಗೀರು, ಎಲ್ಲವೂ ನೆಟ್ಟಗೆ ನಿಂತಿರುತ್ತವೆ. ಒಂದಕ್ಕೊಂದು ತಾಗದಂತೆ ನಡುವೆ ಸ್ವಲ್ಪ ಸ್ವಲ್ಪ ಜಾಗ ಬಿಟ್ಟಿರುತ್ತದೆ. ಆ ಅಳತೆಯನ್ನು ಅದು ಹೇಗೆ ಹಿಡಿಯುತ್ತದೋ, ಎಷ್ಟು ನೋಡಿದರೂ ನನಗೆ ಬೇಸರ ಬಂದಿಲ್ಲ.

ಹುಳ ಹೊರಬಂದು ಮೊದಲು ತಿನ್ನುವುದು ತನ್ನ ಮೊಟ್ಟೆಯ ಚಿಪ್ಪನ್ನೇ. ಆಮೇಲೆ ಎಲ್ಲವೂ ಒಟ್ಟಿಗೇ ಎಲೆಯ ಒಂದು ಬದಿ ಹಿಡಿದು, ಪಂಕ್ತಿ ಊಟಕ್ಕೆ ಕೂತವರ ಹಾಗೆ ಸಾಲಾಗಿ ತಿನ್ನುತ್ತಾ ಹೋಗುತ್ತವೆ. ಹಳದಿ ಮಿಶ್ರಿತ ಕಂದು ಮೈ, ಕಪ್ಪು ತಲೆ, ಮೈತುಂಬ ಉದ್ದನೆಯ ಬಿಳಿ ರೋಮ. ಕೊಂಬೆ ಅಲುಗಾಡಿಸಿದರೆ ಸಟ್ಟನೆ ರೇಷ್ಮೆ ಎಳೆ ಬಿಟ್ಟು ಕೆಳಗೆ ಜೋತು ಬೀಳುತ್ತವೆ. ಸದ್ದಿಲ್ಲವೆಂದಾದ ಮೇಲೆ ಅದೇ ಎಳೆ ಹಿಡಿದು ಮೇಲೇರುತ್ತವೆ. ದೊಡ್ಡದಾದ ಮೇಲೂ ಗುಂಪು ಪೂರ್ತಿ ಒಡೆಯುವುದಿಲ್ಲ. ಕೋಶ ಕಟ್ಟುವಾಗಲೂ ಅಕ್ಕಪಕ್ಕದಲ್ಲೇ ಕಟ್ಟಿದ್ದನ್ನು ಚಿಕ್ಕು ಮರದಲ್ಲಿ ನೋಡಿದ್ದೇನೆ. ಕೋಶವೂ ಹಳದಿ, ಅದರ ಮೇಲೆ ಕಪ್ಪು ಚುಕ್ಕೆ. ಬಾಲದ ತುದಿ ಅಂಟಿಸಿ, ನಡುವಿಗೆ ಒಂದು ರೇಷ್ಮೆ ದಾರ ಸುತ್ತಿಕೊಂಡು ಕೂತಿರುತ್ತದೆ. ಎಲ್ಲ ಹಂತದಲ್ಲೂ ಎದ್ದು ಕಾಣುವ ಬಣ್ಣವೇ. ಅಡಗುವ ಯೋಚನೆಯೇ ಇಲ್ಲ ಈ ಜಾತಿಗೆ.

ಕಾರಣ, ತಿಂದ ಹಕ್ಕಿಗೆ ಇದರ ರುಚಿ ಆಗುವುದಿಲ್ಲ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಆ ಹಳದಿ, ಕಪ್ಪು, ಕೆಂಪನ್ನು ನೆನಪಿಟ್ಟುಕೊಳ್ಳುತ್ತದೆ. ಈ ರುಚಿಗೆಟ್ಟ ಗುಣ ಹುಳ ತಿಂದ ಬಂದಳಿಕೆಯಿಂದಲೇ ಬಂದದ್ದು ಎನ್ನುತ್ತಾರೆ ತಿಳಿದವರು. ಮರದಿಂದ ಬಂದಳಿಕೆ, ಬಂದಳಿಕೆಯಿಂದ ಹುಳ, ಹುಳದಿಂದ ಚಿಟ್ಟೆಗೆ ಸಾಗಿ ಬಂದ ರಕ್ಷಣೆ ಇದು. ಒಂದೇ ಕಡೆ ಹತ್ತಿಪ್ಪತ್ತು ಹುಳ ಕೂತರೆ ಎಚ್ಚರಿಕೆಯ ಬಣ್ಣ ಇನ್ನಷ್ಟು ದೊಡ್ಡದಾಗಿ ಕಾಣುತ್ತದಲ್ವಾ? ಗುಂಪಿನಲ್ಲಿ ಬದುಕುವುದರ ಲಾಭ ಅದು.

ಈ ಮರ್ಯಾದೆಯ ಪಾಲು ಪಡೆಯುವ ಇನ್ನೊಂದು ಚಿಟ್ಟೆ ನಮ್ಮ ಘಟ್ಟದಲ್ಲಿದೆ. ಪೇಂಟೆಡ್ ಸಾಟೂತ್ ಎಂದು ಹೆಸರು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಸಿಗುತ್ತದೆ. ಅದರ ಹುಳ ತಿನ್ನುವುದು ಕ್ಯಾಪರಿಸ್ ಜಾತಿಯ ಮುಳ್ಳು ಗಿಡಗಳನ್ನು, ಬಂದಳಿಕೆಯ ಸಹವಾಸವೇ ಇಲ್ಲ. ಆದರೂ ಅಡಿಬದಿಯ ಬಣ್ಣದಲ್ಲಿ ಜೆಜೆಬೆಲ್‌ನ ತದ್ರೂಪು. ವ್ಯತ್ಯಾಸ ಹಿಡಿಯಬೇಕೆಂದರೆ ಕೆಂಪು ಚುಕ್ಕೆ ನೋಡಬೇಕು. ಜೆಜೆಬೆಲ್‌ನದ್ದು ಒಳಗಡೆಗೆ ಚೂಪು, ಸಾಟೂತ್‌ನದ್ದು ಚೌಕ. ಹಾರಾಟದಲ್ಲೂ ಗೊತ್ತಾಗುತ್ತದೆ, ಸಾಟೂತ್ ತುಂಬಾ ವೇಗ. ಗಂಡುಗಳು ಒದ್ದೆ ಮಣ್ಣಿಗೆ ಇಳಿಯುತ್ತವೆ. ದೇವಿಮನೆ ಘಟ್ಟದಲ್ಲಿ ಹಳ್ಳದ ಬದಿಯ ಮರಳಿನ ಮೇಲೆ ಕೂತದ್ದನ್ನು ನಾನು ಕಂಡಿದ್ದೇನೆ. ಜೆಜೆಬೆಲ್ ಹಾಗೆ ನೆಲಕ್ಕಿಳಿಯುವುದು ತೀರಾ ಕಮ್ಮಿ. ಒಂದು ಚಿಟ್ಟೆ ಇನ್ನೊಂದರ ವೇಷ ತೊಟ್ಟು ಹಕ್ಕಿಯಿಂದ ಪಾರಾಗುವ ಈ ಸಂಗತಿಯನ್ನು ಮೊದಲು ಬಿಡಿಸಿ ಹೇಳಿದವನು ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನಲ್ಲಿ ವರ್ಷಗಟ್ಟಲೆ ಇದ್ದು ಬಂದು 1862ರಲ್ಲಿ ಬರೆದ. ಅವನು ಕಂಡ ವೇಷಧಾರಿಗಳಲ್ಲಿ ಮುಖ್ಯವಾದವೂ ಜೆಜೆಬೆಲ್, ಸಾಟೂತ್ ಎರಡೂ ಸೇರಿರುವ ಬಿಳಿ-ಹಳದಿ ಚಿಟ್ಟೆಗಳ ಕುಟುಂಬದವೇ.

ಆ ಕುಟುಂಬದ ಬಣ್ಣದ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮ ದೇಹದಿಂದ ಯೂರಿಕ್ ಆಮ್ಲದಂಥ ಕಸ ಹೊರಗೆ ಹೋಗುತ್ತದಲ್ಲ, ಅದರ ಹತ್ತಿರದ ಸಂಬಂಧಿ ವಸ್ತುಗಳು ಈ ಚಿಟ್ಟೆಗಳ ರೆಕ್ಕೆಯ ಹುರುಪೆಯಲ್ಲಿ ಸೇರಿ ಬಿಳಿ, ಹಳದಿ, ಕೇಸರಿ ಬಣ್ಣವಾಗುತ್ತವೆ. ಇವುಗಳನ್ನು ಟೆರಿನ್ ಎನ್ನುತ್ತಾರೆ. ಇಂಗ್ಲೆಂಡಿನ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಹರೆಯದಲ್ಲೇ ಇದರ ಹಿಂದೆ ಬಿದ್ದಿದ್ದ. 1889ರಲ್ಲಿ ಒಂದು ಚಿಕ್ಕ ಟಿಪ್ಪಣಿ, 1895ರಲ್ಲಿ ದೊಡ್ಡ ಲೇಖನ ಬರೆದು, ದೇಹ ಹೊರಹಾಕಬೇಕಾದದ್ದೇ ಇಲ್ಲಿ ಅಲಂಕಾರವಾಗಿದೆ ಎಂದು ವಾದಿಸಿದ. ಮುಂದೆ ವಿಟಮಿನ್ ಕುರಿತ ಕೆಲಸಕ್ಕೆ 1929ರಲ್ಲಿ ಅದೇ ಮನುಷ್ಯನಿಗೆ ನೊಬೆಲ್ ಬಂತು. ಚಿಟ್ಟೆ ರೆಕ್ಕೆಯಲ್ಲಿ ಸಿಕ್ಕ ಆ ಉಂಗುರದಂಥ ರಚನೆಯೇ ಫೋಲಿಕ್ ಆಮ್ಲದ ಒಳಗೂ ಇದೆ ಎಂದು ಆಮೇಲೆ ಗೊತ್ತಾಯಿತು. ಬಸುರಿಯರಿಗೆ ಆಶಾ ಕಾರ್ಯಕರ್ತೆಯರು ಮನೆಗೆ ತಂದು ಕೊಡುವ ಮಾತ್ರೆಯಲ್ಲಿ ಇರುವುದು ಇದೇ ಫೋಲಿಕ್ ಆಮ್ಲ. ಇದನ್ನು ಓದಿದ ದಿನ ನಾನು ಊರಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೆ.

ಯಾವ ಹುಳ ಯಾವ ಎಲೆ ತಿಂದು ಯಾವ ಚಿಟ್ಟೆಯಾಗುತ್ತದೆ ಎನ್ನುವ ತಿಳಿವಳಿಕೆಗೆ ನಮ್ಮ ಜಿಲ್ಲೆ ಕೊಟ್ಟದ್ದು ತುಂಬಾ ದೊಡ್ಡದು. ನಮ್ಮಲ್ಲೇ ಬಹಳ ಜನರಿಗೆ ಇದು ಗೊತ್ತಿಲ್ಲ ಎನ್ನುವುದು ನನಗೆ ಬೇಜಾರು. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 19ನೇ ಶತಮಾನದ ಕೊನೆಗೆ ಕಾರವಾರದಲ್ಲಿ ಮೂವರು ಅಧಿಕಾರಿಗಳು ಕೂಡಿದರು. ಜೇಮ್ಸ್ ಡೇವಿಡ್‌ಸನ್ ಜಿಲ್ಲೆಯ ಕಲೆಕ್ಟರ್. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವನು, 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಮೂರನೆಯವನು ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಐರ್ಲೆಂಡಿನವನು. ಕಚೇರಿ ಕೆಲಸದ ನಡುವೆ ಇವರು ಮೊಟ್ಟೆ, ಹುಳ ಹುಡುಕಿ ತಂದು ಸಾಕುತ್ತಿದ್ದರು. ಎಲೆ ತಂದು ಹಾಕುವುದು, ಹುಳ ಪೊರೆ ಬಿಡುವುದನ್ನು ಕಾಯುವುದು, ಕೋಶ ಒಡೆದು ಯಾವ ಚಿಟ್ಟೆ ಬಂತೆಂದು ಬರೆದಿಡುವುದು. 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಸರಣಿ ಬಂತು. ಭಾರತದ ಚಿಟ್ಟೆಗಳ ಜೀವನ ಚಕ್ರದ ಬಗ್ಗೆ ಇವತ್ತಿಗೂ ಬರೆಯುವವರು ಅದನ್ನು ತೆರೆಯಬೇಕಾಗುತ್ತದೆ.

ಬೆಲ್ ಅಂತೂ ನಿವೃತ್ತಿಯ ಮೇಲೆ ಊರಿಗೆ ಹಿಂತಿರುಗಲಿಲ್ಲ. ಕಾರವಾರದಲ್ಲೇ ಉಳಿದ. 1909ರಿಂದ ಸುಮಾರು ಎರಡು ದಶಕ ಬಯಲಿನ ಸಾಮಾನ್ಯ ಚಿಟ್ಟೆಗಳ ಬಗ್ಗೆ ಬರೆಯುತ್ತಲೇ ಹೋದ. ಅಪರೂಪದ್ದು ಹಿಡಿಯುವುದೇ ದೊಡ್ಡದೆನಿಸಿದ್ದ ಕಾಲದಲ್ಲಿ, ದಿನಾ ಕಾಣುವ ಚಿಟ್ಟೆಯ ಹುಳದ ರೋಮ ಎಷ್ಟುದ್ದ, ಅದು ಎಲೆಯ ಯಾವ ಬದಿಯಲ್ಲಿ ಮಲಗುತ್ತದೆ ಎಂಬುದನ್ನೆಲ್ಲ ನೋಡುವ ತಾಳ್ಮೆ ಅವನಿಗಿತ್ತು. 1948ರಲ್ಲಿ ಕಾರವಾರದಲ್ಲೇ ತೀರಿಕೊಂಡ. ಇಲ್ಲಿಯ ಕಾಡಿನ ಬಳ್ಳಿ ಯಾವುದು, ಅದು ಎಲ್ಲಿ ಸಿಗುತ್ತದೆ ಎಂದು ಅವನಿಗೆ ತೋರಿಸಿದವರು ನಮ್ಮವರೇ ಇರಬೇಕು. ಗಿಡ ಗೊತ್ತಿರುವವರು ಜೊತೆಗಿಲ್ಲದೆ ಈ ಕೆಲಸ ಒಂದು ದಿನವೂ ನಡೆಯುವುದಿಲ್ಲ. ಕಾರವಾರಕ್ಕೆ ಹೋದಾಗಲೆಲ್ಲ ನನಗೆ ಆ ಹೆಸರಿಲ್ಲದವರ ನೆನಪು ಜಾಸ್ತಿ ಬರುತ್ತದೆ.

ಈಗ ಚಿಟ್ಟೆಗೆಂದು ಗಿಡ ನೆಡುವವರು ಹೆಚ್ಚಾಗಿದ್ದಾರೆ. ತುಂಬಾ ಖುಷಿಯ ವಿಷಯ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ ಹಬ್ಬಿಸುತ್ತಾರೆ. ಲಿಂಬೆ, ಕರಿಬೇವು ಇದ್ದರೆ ಕಾಮನ್ ಮಾರ್ಮನ್ ತಾನೇ ಬರುತ್ತದೆ. ಜೆಜೆಬೆಲ್‌ಗೆ ಏನು ನೆಡುತ್ತೀರಿ? ಬಂದಳಿಕೆಯನ್ನು ಕುಂಡದಲ್ಲಿ ಬೆಳೆಸಲಾಗುವುದಿಲ್ಲ, ನರ್ಸರಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಜೀವಂತ ಕೊಂಬೆಯೇ ಬೇಕು, ಬೀಜ ತಂದು ಅಂಟಿಸಲು ಹಕ್ಕಿಯೇ ಬೇಕು. ಮನುಷ್ಯರು ಈ ಚಿಟ್ಟೆಗೆ ಮಾಡಬಹುದಾದದ್ದು ಒಂದೇ, ಎಲ್ಲೋ ಒಂದಿಷ್ಟು ಬಂದಳಿಕೆಯನ್ನು ಕಡಿಯದೆ ಬಿಡುವುದು. ಹಣ್ಣಿನ ಮರ ಬೆಳೆಸುವವರಿಗೆ ಅದು ಸುಲಭದ ಮಾತಲ್ಲ.

ಅಂಕೋಲೆಯಲ್ಲಿ ಗೆಳತಿಯ ಮನೆಯ ಸುತ್ತ ಹಳೆಯ ಇಶಾಡು ಮಾವಿನ ಮರಗಳಿವೆ. ಕರಿ ಇಶಾಡಿನ ಹಣ್ಣಿನ ಮೇಲೆ ಅವರ ಮೇ ತಿಂಗಳ ಆದಾಯ ನಿಂತಿದೆ. ಅಲ್ಲಿ ಬಂದಳಿಕೆ ಬಿಡಿ ಎಂದು ನಾನು ಬಾಯಿ ಬಿಟ್ಟು ಹೇಳಲಾರೆ. ಆದರೆ ಅವರ ಗದ್ದೆಯಂಚಿನಲ್ಲಿ ಯಾರೂ ಕಾಯಿ ಕೊಯ್ಯದ ಒಂದು ಕಾಡುಮಾವು ಇದೆ. ಗೊರಟೆಯೇ ದೊಡ್ಡದು, ಹುಳಿ ಬೇರೆ. ಅದರ ತುಂಬ ಬಂದಳಿಕೆ. ಕರಾವಳಿಯಲ್ಲಿ ನಾನು ನೋಡಿದ ಜೆಜೆಬೆಲ್‌ಗಳಲ್ಲಿ ಹೆಚ್ಚಿನವು ಆ ಒಂದು ಮರದ ಸುತ್ತವೇ. ಇಂಥ ಮರಗಳೇ ಮೊದಲು ಹೋಗುತ್ತವೆ. ಹಣ್ಣು ಕೊಡುವುದಿಲ್ಲ, ನಾಟಾ ಆಗುವುದಿಲ್ಲ, ನೆರಳು ಗದ್ದೆಗೆ ಬೀಳುತ್ತದೆ. ರಸ್ತೆ ಅಗಲ ಮಾಡುವಾಗ ಹೋದ ಹಳೆಯ ಸಾಲುಮರಗಳ ಜೊತೆ ಎಷ್ಟು ಬಂದಳಿಕೆ, ಎಷ್ಟು ಹುಳ ಹೋಯಿತೋ, ಮರದ ಲೆಕ್ಕದಲ್ಲಿ ಅದು ಬರುವುದಿಲ್ಲ.

ನಮ್ಮ ಮನೆಯಲ್ಲಿ ನಾನೂ ಅಪ್ಪಯ್ಯನೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. "ನಿನ್ನ ಚಿಟ್ಟೆಗೆ ಬೆಟ್ಟದ ಮರ ಸಾಕಾಗ್ತಿಲ್ಯ?" ಎಂದು ಅವರು ಕೇಳಿದ್ದರು. ಸಾಕಾಗುತ್ತದೆ, ಬೆಟ್ಟದ ಮರದ ಬಂದಳಿಕೆಗೆ ಯಾರೂ ಕತ್ತಿ ಹಾಕದಿದ್ದರೆ. ಕಸಿ ಮಾವು ಎರಡನ್ನೂ ಪೂರ್ತಿ ಬಿಡಿಸುವುದು. ಅಪ್ಪೆ ಮರದಲ್ಲಿ ಮಿಡಿ ಬಿಡುವ ಕೊಂಬೆಗಳದ್ದನ್ನು ತೆಗೆಯುವುದು, ಕೊಟ್ಟಿಗೆಯ ಮೇಲೆ ಚಾಚಿದ ಮುದಿ ಕೊಂಬೆಯದ್ದನ್ನು ಬಿಡುವುದು. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಗೇಟಿನ ಮೇಲಿನ ಎರಡು ಮರ ಮುಟ್ಟುವಂತಿಲ್ಲ. ಕಡಿದ ಬಂದಳಿಕೆಯಲ್ಲಿ ಹುಳ ಸಿಕ್ಕರೆ ಎಲೆ ಸಮೇತ ಕೊಟ್ಟಿಗೆ ಪಕ್ಕದ ಕೊಂಬೆಗೆ ಕಟ್ಟುವುದು ನನ್ನ ಕೆಲಸ. ಹಾಗೆ ಕಟ್ಟಿದವು ಹೆಚ್ಚಿನಂಶ ಎಲೆ ಬಾಡುವ ಮೊದಲೇ ಹೊಸ ಎಲೆಗೆ ದಾಟಿಕೊಳ್ಳುತ್ತವೆ. ಗುಂಪು ಒಡೆಯದಂತೆ ಕಟ್ಟಬೇಕು, ಒಂಟಿ ಹುಳ ಬೇಗ ಸೊರಗುತ್ತದೆ ಎಂಬುದು ನಾನು ಕಂಡದ್ದು.

ಕೊನೆಗೌಡನಿಗೂ ಈಗ ರೂಢಿಯಾಗಿದೆ. ಮರದ ಮೇಲಿಂದಲೇ ಎಲೆ ಮಗುಚಿ ನೋಡಿ ಕೂಗಿ ಕೇಳುತ್ತಾನೆ, "ಅಮ್ಮಾ, ಇದ್ರಲ್ಲಿ ಹಳದಿ ಮೊಟ್ಟೆ ಅದೆ, ಕಡಿಯೂದಾ ಬಿಡೂದಾ?" ಕಸಿ ಮರವಾದರೆ ಕಡಿದು ನಿಧಾನ ಇಳಿಸು ಎನ್ನುತ್ತೇನೆ. ಅಪ್ಪೆ ಮರವಾದರೆ ಅಪ್ಪಯ್ಯನ ಮುಖ ನೋಡುತ್ತೇನೆ. ಹೋದ ವರ್ಷ ಅವರು ಎರಡು ಕೊಂಬೆ ಬಿಡಲು ಒಪ್ಪಿದರು, ಒಂದಕ್ಕೆ ಒಪ್ಪಲಿಲ್ಲ. ಅದರಲ್ಲಿ ಮಿಡಿ ಚೆನ್ನಾಗಿ ಕಚ್ಚುತ್ತದೆಯಂತೆ.